ಕರೆಯುವ ಮೊದಲೇ ಬರುವವನು

ತಂಡದವರೆಲ್ಲ ಅವರನ್ನು ಮಾವ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವರು ಮಾವನಾಗಿದ್ದುದು ಮಗಳ ಗಂಡ ವೆಲ್ಡರನಿಗೆ ಮಾತ್ರ. ಅವನು ಆಟದ ನಡುವೆ ಮಾವಾ ಮಾವಾ ಎಂದು ಕೂಗಿ ಕೂಗಿ ಉಳಿದವರ ಬಾಯಿಗೂ ಅದೇ ಹತ್ತಿತ್ತು. ಸಂಜೆ ಸೈಕಲ್ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಐಸ್ ಹಾಕಿ ಆಟದ ತಂಡವನ್ನು ತಿದ್ದುವುದು ಮಾವನ ಹುಚ್ಚು. ಈ ಸಲ ಆ ಹುಚ್ಚು ಮನೆಯೊಳಗೂ ಬಂದು ಕೂತಿತು.

ಫೈನಲ್ ಪಂದ್ಯಕ್ಕೆ ತಂಡದಲ್ಲಿ ಒಂದೇ ಜಾಗ ಬಾಕಿ ಇತ್ತು. ಅದು ಅಳಿಯನಿಗೋ, ತಂಡದಲ್ಲಿದ್ದ ಒಬ್ಬ ಪ್ಲಂಬರನಿಗೋ? ಅಳಿಯ ಕಟ್ಟುಮಸ್ತಾದ ಆಳು, ಐಸಿನ ಮೇಲೆ ಹೊರಟನೆಂದರೆ ಹಿಡಿಯುವವರಿಲ್ಲ. ಪ್ಲಂಬರ್ ಗಿಡ್ಡ, ನಲವತ್ತು ದಾಟಿದವನು, ಸ್ಕೇಟು ಕಟ್ಟಿ ನಿಂತರೂ ಯಾರದೋ ಸಿಂಕಿನ ಕೆಳಗೆ ನುಗ್ಗಲು ಹೊರಟವನಂತೆ ಕಾಣುತ್ತಿದ್ದ. ಮಾವ ಅವನನ್ನೇ ಆರಿಸಿದರು. ಮಗಳು ಮಾತು ಬಿಟ್ಟಳು. ಹೆಂಡತಿ ಮಾತು ಬಿಡಲಿಲ್ಲ, ಅದು ಇನ್ನೂ ಕಷ್ಟವಾಯಿತು. ಮನೆಯವನನ್ನು ಬಿಟ್ಟು ಹೊರಗಿನವನಿಗೆ ಮಣೆ ಹಾಕಿದ ಕಥೆ ಊಟಕ್ಕೆ ಕೂತಾಗಲೆಲ್ಲ ತಟ್ಟೆಗೆ ಬೀಳುತ್ತಿತ್ತು.

ಮಾವನಿಗೆ ಬೇಕಾಗಿದ್ದುದು ಆ ಬಗ್ಗಿದ ಮೈಯೇ. ಮಂಡಿ ಮಡಚಿ ತಗ್ಗಿ ಆಡುವವನನ್ನು ಎಂಥ ದಾಂಡಿಗ ಗುದ್ದಿದರೂ ಉರುಳಿಸುವುದು ಸುಲಭವಲ್ಲ. ಸ್ಪ್ಯಾನರ್ ತಿರುಗಿಸಿ ಬಲಿತ ಮಣಿಕಟ್ಟು ಬೇರೆ. ಅವನ ಸ್ಟಿಕ್ ಅಲುಗಿದ್ದು ಎದುರಾಳಿಗೆ ಗೊತ್ತಾಗುವಷ್ಟರಲ್ಲಿ ಪಕ್ ಎಂಬ ರಬ್ಬರ್ ಬಿಲ್ಲೆ ಇನ್ನೊಬ್ಬನ ಬಳಿ ಇರುತ್ತಿತ್ತು. ಯಾರಾದರೂ ಬೇಕೆಂದೇ ಮೊಣಕೈಯಲ್ಲಿ ತಿವಿದರೆ ಅಳಿಯ ಕೆಂಡಾಮಂಡಲವಾಗಿ ಜಗಳಕ್ಕೆ ನಿಲ್ಲುತ್ತಿದ್ದ, ತೀರ್ಪುಗಾರ ಅವನನ್ನು ಹೊರಗೆ ಕೂರಿಸುತ್ತಿದ್ದ. ಪ್ಲಂಬರ್ ಮಾತ್ರ, ನಿಮ್ಮನೆ ನಲ್ಲಿ ಸೋರಿದರೆ ಫೋನ್ ಮಾಡಿ ಎಂದು ತಿವಿದವನಿಗೇ ಹೇಳಿ ಮುಂದೆ ಹೋಗುತ್ತಿದ್ದ.

ಆದರೆ ಮಾವ ಮನಸೋತಿದ್ದುದು ಬೇರೆಯದಕ್ಕೆ. ಈ ಆಟದಲ್ಲಿ ಮೈಯಲ್ಲಿರುವ ಶಕ್ತಿಯನ್ನೆಲ್ಲ ಒಂದು ನಿಮಿಷದೊಳಗೆ ಸುರಿದು, ಆಟ ನಡೆಯುತ್ತಿರುವಾಗಲೇ ಬೆಂಚಿಗೆ ಮರಳಿ, ದಣಿವಾರಿದ ಇನ್ನೊಬ್ಬನಿಗೆ ಜಾಗ ಬಿಡಬೇಕು. ಕೇಳಲು ಸುಲಭ. ಜನ ಕೂಗುತ್ತಿರುವಾಗ ಇನ್ನೊಂದೇ ಒಂದು ಸಲ ಎಂದು ಯಾರಿಗಾದರೂ ಆಸೆಯಾಗುತ್ತದೆ. ಅಳಿಯ ಆ ಆಸೆಗೆ ಬಿದ್ದು, ಕಾಲು ಸೋತು, ಕೈಗೆ ಬಂದ ಪಂದ್ಯಗಳನ್ನು ಬಿಟ್ಟುಕೊಟ್ಟಿದ್ದ. ಮಾವ ಗಂಟಲು ಹರಿದುಕೊಂಡರೂ ಬೆಂಚಿಗೆ ಬರುತ್ತಿರಲಿಲ್ಲ. ಪ್ಲಂಬರನನ್ನು ಕರೆಯಬೇಕಾಗಿಯೇ ಇರಲಿಲ್ಲ. ತನ್ನ ಉಸಿರು ಎಲ್ಲಿಗೆ ಬಂತೆಂದು ಅವನಿಗೇ ತಿಳಿಯುತ್ತಿತ್ತು. ಇಂಥವನು ಸಾವಿರಕ್ಕೊಬ್ಬ ಎಂದು ಮಾವ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಪಂದ್ಯದ ಮುನ್ನಾದಿನ ಪ್ಲಂಬರ್ ಅಂಗಡಿಗೆ ಬಂದ. ಎಡ ಮಂಡಿ ಕೈಕೊಟ್ಟಿದೆ, ತಿರುಗುವಾಗ ನಿಲ್ಲುತ್ತಿಲ್ಲ, ತನ್ನ ಬದಲು ಅಳಿಯನನ್ನು ಇಳಿಸಿ ಎಂದ. ಮಾವನಿಗೆ ನಂಬಿಕೆಯೇ ಬರಲಿಲ್ಲ. ಹಿಂದಿನ ದಿನದ ಅಭ್ಯಾಸವನ್ನು ಕಣ್ಣಾರೆ ನೋಡಿದ್ದರು, ಏನೂ ಕಂಡಿರಲಿಲ್ಲ. ಒಂದು ದಿನದ ಮಾತು, ಬ್ಯಾಂಡೇಜ್ ಸುತ್ತಿಕೊಂಡು ಆಡು ಎಂದರು.

"ನಿಮ್ಗೆ ಗೊತ್ತಾಗ್ಲಿಲ್ಲ ಮಾವ. ನಂಗೆ ಗೊತ್ತಾಯ್ತಲ್ಲ."

"ನಿನ್ನಿಂದ ಮನೇಲಿ ನಾನು ಎಷ್ಟು ಅನ್ನಿಸ್ಕೊಂಡಿದೀನಿ, ಗೊತ್ತೇನಯ್ಯಾ?"

"ಗೊತ್ತು. ಅದಕ್ಕೇ ಬೆಳಿಗ್ಗೆಯಿಂದ ಅಂಗಡಿ ಮುಂದೆ ಬಂದು ಬಂದು ವಾಪಸ್ ಹೋದೆ."

ಅವನು ಇದುವರೆಗೆ ಒಂದು ಫೈನಲನ್ನೂ ಆಡಿದವನಲ್ಲ. ಇನ್ನು ಮುಂದೆ ಆಡುವ ವಯಸ್ಸೂ ಅಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಯಾವ ಗುಣಕ್ಕೆ ಅವನನ್ನು ಆರಿಸಿದ್ದರೋ ಅದೇ ಗುಣ ಈಗ ತಮ್ಮ ಕೈಯಿಂದ ಅವನನ್ನು ಕಿತ್ತುಕೊಂಡು ಹೋಗುವುದನ್ನು ನೋಡಿ ಮಾವನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮಗಳ ಮನೆಗೆ ಹೋಗಿ, ತಾವೇ ಆಡಿದ ಮಾತುಗಳನ್ನೆಲ್ಲ ನುಂಗಿಕೊಂಡು, ಅಳಿಯನನ್ನು ಕರೆದು ಬಂದರು. ಯಾಕೆಂದು ಅವನು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೇ ಹೇಳಿದರು.

ಮರುದಿನ ತಂಡ ಒಂದು ಗೋಲಿನಿಂದ ಗೆದ್ದಿತು. ಅದನ್ನು ಈಗಲೇ ಹೇಳಿಬಿಡಬಹುದು, ಯಾಕೆಂದರೆ ಮಾವನಿಗೆ ಆ ದಿನ ನೆನಪಿನಲ್ಲಿ ಉಳಿದದ್ದು ಗೋಲಲ್ಲ. ಗೆಲುವಿನ ಗೋಲಿಗೆ ಮುಂಚೆ, ಆಟ ಇನ್ನೂ ಸಮವಾಗಿತ್ತು. ಅಳಿಯ ಪಕ್ ಅನ್ನು ಆಚೆ ತುದಿಗೆ ಬಾರಿಸಿ, ಏದುಸಿರು ಬಿಡುತ್ತ, ಮತ್ತೆ ಅದರ ಬೆನ್ನು ಹತ್ತಲು ಹೊರಟಿದ್ದ. ಮಾವ ಕೂಗಲು ಬಾಯಿ ತೆರೆದರು. ಅಷ್ಟರಲ್ಲಿ ಅಳಿಯ ಬೆಂಚಿನತ್ತ ತಿರುಗಿ ನೋಡಿದ. ಅಲ್ಲಿ ಕೋಟು ಹಾಕಿಕೊಂಡು ಪ್ಲಂಬರ್ ಕೂತಿದ್ದ. ಅಳಿಯ ಯಾರೂ ಕರೆಯದೆ ಬೆಂಚಿಗೆ ಬಂದ. ಇನ್ನೊಬ್ಬ ಐಸಿಗೆ ಇಳಿದ.

ಅಳಿಯ ಪ್ಲಂಬರನ ಪಕ್ಕದಲ್ಲೇ ಕುಸಿದು ಕೂತ. ಉಸಿರು ಸ್ವಲ್ಪ ತಹಬಂದಿಗೆ ಬಂದ ಮೇಲೆ ಕೇಳಿದ:

"ಇದು ನಿಮ್ಗೆ ಹೇಗಣ್ಣ ಇಷ್ಟು ಸಲೀಸು?"

ಪ್ಲಂಬರ್ ಐಸಿನಿಂದ ಕಣ್ಣು ತೆಗೆಯಲಿಲ್ಲ.

"ಯಾವತ್ತು ಸಲೀಸಾಗಿತ್ತು ತಮ್ಮಾ?" ಎಂದ.