ಇಂಥವರ ಹೆಂಡತಿ

ಗೌರಕ್ಕ, ಮತದಾರರ ಪಟ್ಟಿಯಿಂದ ನಿಮ್ಮ ಹೆಸರು ತಪ್ಪುವಂತೆ ಮಾಡಿದವಳು ನಾನು. ನೀವು ತಿಳಿದಂತೆ ಹೆಸರು ಬರೆದುಕೊಂಡ ಮೇಷ್ಟ್ರಲ್ಲ — ನಾನು, ನಿಮ್ಮ ಮೈದುನನ ಹೆಂಡತಿ, ನಿಮ್ಮ ಜೊತೆ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳು.

ಐವತ್ತೇಳರ ಚುನಾವಣೆಗೆ ಮುಂಚಿನ ಮಾತು. ನೀವು ಓದಿದ್ದು ನಾಲ್ಕನೇ ಕ್ಲಾಸು. ನಾನು ಶಿವಮೊಗ್ಗದ ಕಾನ್ವೆಂಟಿನಲ್ಲಿ ಇಂಗ್ಲಿಷ್ ಪದ್ಯ ಒಪ್ಪಿಸಿ ಬಹುಮಾನ ಪಡೆದವಳು. ಆದರೆ ಶಿಕಾರಿಪುರದ ನಮ್ಮ ಅಂಗಡಿ ಮುಂದೆ ಪಕ್ಷದ ಜೀಪು ನಿಲ್ಲುತ್ತಿದ್ದದ್ದು ನಿಮಗಾಗಿ. ಸೊರಬದ ಸಭೆಗಳಿಂದ ಬಂದಾಗ ನಿಮ್ಮ ಸೀರೆಯಂಚಿಗೆ ಕೆಂಪು ಧೂಳು ಹತ್ತಿರುತ್ತಿತ್ತು. ಆ ಸೀರೆ ಒಗೆದು ಹಿಂಡುವಾಗ ನೀರಿನ ಬಣ್ಣವನ್ನೇ ನೋಡುತ್ತಿದ್ದೆ — ನನ್ನ ಸೀರೆಗೆ ಅರಿಸಿನ ಬಿಟ್ಟರೆ ಬೇರೇನೂ ಹತ್ತುತ್ತಿರಲಿಲ್ಲ. ನಿಮ್ಮ ಭಾಷಣ ಬರೆದುಕೊಡುತ್ತಿದ್ದವಳೂ ನಾನೇ. ನೀವು ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿ, ಮನಸ್ಸಿಗೆ ಬಂದದ್ದನ್ನೇ ಆಡುತ್ತಿದ್ದಿರಿ. ಜನ ಅದಕ್ಕೇ ಚಪ್ಪಾಳೆ — ಹೋಗಲಿ.

ಒಂದು ಮಧ್ಯಾಹ್ನ, ನೀವಿಲ್ಲದಾಗ, ಮತದಾರರ ಪಟ್ಟಿಗೆ ಹೆಸರು ಬರೆದುಕೊಳ್ಳಲು ಶಾಲೆಯ ಮೇಷ್ಟ್ರು ಬಂದರು. ಊರಿಗೆ ಹೊಸಬರು. ಜಗಲಿಯ ಮೇಲೆ ಮಸಿಕುಡಿಕೆ ಇಟ್ಟು ಕೂತರು. ನನ್ನ ಹೆಸರನ್ನು ಬಿಡಿಸಿ ಹೇಳಿದೆ.

“ದೊಡ್ಡ ಸೊಸೆಯವರ ಹೆಸರೇನ್ರೀ, ತಂಗಿ?”

ಪರಗಂಡಸಿಗೆ ಹೆಂಗಸರು ಹೆಸರು ಹೇಳದ ಕಾಲ ಅದು; ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸುತ್ತಿದ್ದರು. ಅಂಥವನ್ನು ಪಟ್ಟಿಯಿಂದ ಹೊಡೆದುಹಾಕುತ್ತಾರೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಓದಿದ್ದೆ, ಅಕ್ಕ.

“ಅಕ್ಕನೋರ ಹೆಸರು ನಾವು ಹೇಳಂಗಿಲ್ಲ ಮೇಷ್ಟ್ರೇ. ಬಸಪ್ಪನೋರ ಹೆಂಡ್ತಿ ಅಂತ ಬರ್ಕೊಳ್ರಿ.”

“ಬೀದಿ ತುಂಬಾ ಬರೀ ಹೆಂಡ್ತೀರೇ! ಹೆಸರಿರೋರು ನೀವೊಬ್ರೇ ನೋಡ್ರಿ,” ಎಂದು ನಕ್ಕರು. ನಾನೂ ನಕ್ಕೆ. ಮಸಿ ಆರುವವರೆಗೂ ನೋಡುತ್ತಾ ನಿಂತಿದ್ದೆ.

ಸಂಜೆ ನೀವು ಕೇಳಿದಿರಿ: “ನನ್ನ ಹೆಸರು ಬರೆಸಿದ್ಯೇನೇ, ಶಾಂತಾ?”

“ಬರೆಸ್ದೆ, ಅಕ್ಕ.”

“ಓದಿದೋಳು ಮನೇಲಿದ್ರೆ ಎಷ್ಟು ನಿಶ್ಚಿಂತೆ!” ಎಂದು ನಾನು ಕೊಟ್ಟ ಮಜ್ಜಿಗೆ ಕುಡಿದಿರಿ.

ನಾಮಪತ್ರ ತುಂಬುವ ದಿನ ಪಟ್ಟಿ ಎಷ್ಟು ತಿರುವಿದರೂ ನೀವಿರಲಿಲ್ಲ. ಸೇರಿಸುವ ಅವಧಿ ಮುಗಿದಿತ್ತು. ಪಟ್ಟಿಯಲ್ಲಿಲ್ಲದವರು ಚುನಾವಣೆಗೆ ನಿಲ್ಲುವಂತಿಲ್ಲ. ನಿಮಗೆಂದಿದ್ದ ಪಕ್ಷದ ಟಿಕೆಟ್ಟು ಬೇರೊಬ್ಬರಿಗೆ ಹೋಯಿತು. ನೀವು ಅಳಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎರಡನ್ನೂ ಜೋಡಿಸಿಟ್ಟು, “ಹೊಸ ಮೇಷ್ಟ್ರು, ಪಾಪ, ಮರ್ತಿರಬೇಕು,” ಎಂದಿರಿ. ನಾನು ಹೌದೆಂದು ತಲೆಯಾಡಿಸಿದೆ.

ಮುಂದಿನ ಸಲ ಗೆದ್ದಿರಿ. ಬೆಂಗಳೂರು, ಆಮೇಲೆ ದೆಹಲಿ. ಹೋದ ಕಡೆಯೆಲ್ಲ ಅದೇ ಕತೆ — “ಮೇಷ್ಟ್ರು ನನ್ನ ಮರ್ತಿದ್ರು ಕಣ್ರವ್ವಾ. ಬಾಗಿಲಿಗೆ ಬಂದೋರಿಗೆ ನಿಮ್ಮ ಹೆಸರು ನೀವೇ ಹೇಳ್ರಿ!” ಹೊಸಬಾಳೆ ಊರಿನ ಸಭೆಯಲ್ಲಿ ಹೆಂಗಸರು ಒಬ್ಬೊಬ್ಬರೇ ಎದ್ದು ತಮ್ಮ ಹೆಸರು ಕೂಗಿದರಂತೆ. ಕೇಳಿ ನನಗೆ ನಾಚಿಕೆಯಾಗಬೇಕಿತ್ತು. ಆಗಿದ್ದು ಹೊಟ್ಟೆಯುರಿ — ನಾನು ಮಾಡಿದ ಕೇಡೂ ನಿಮ್ಮ ಬಾಯಲ್ಲಿ ಭಾಷಣವಾಯಿತಲ್ಲ, ನಾನು ಬರೆದುಕೊಟ್ಟದ್ದೊಂದೂ ಆಗಲಿಲ್ಲವಲ್ಲ ಎಂದು.

ಮೇಷ್ಟ್ರು ಈಗಿಲ್ಲ. ನಾನು ಹೊರಿಸಿದ ತಪ್ಪನ್ನು ಹೊತ್ತೇ ಹೋದರು. ಮುಂದಿನ ವಾರ ಬಳ್ಳಿಗಾವಿಯ ಸಭೆಯಲ್ಲಿ ನೀವು ಆ ಕತೆ ಮತ್ತೆ ಹೇಳುತ್ತೀರಿ. ಅದಕ್ಕೂ ಮುಂಚೆ ಈ ಕಾಗದ ನಿಮ್ಮ ಕೈ ಸೇರಬೇಕು. ಇದೊಂದನ್ನಾದರೂ ಮಡಿಸಿ ಸೊಂಟಕ್ಕೆ ಸಿಕ್ಕಿಸಬೇಡಿ.

ಆ ಕತೆಯಲ್ಲಿ ಮೇಷ್ಟ್ರು ಎನ್ನುವ ಕಡೆ ನನ್ನ ಹೆಸರು ಹೇಳಿ, ಅಕ್ಕ. ಮೈದುನನ ಹೆಂಡತಿ ಎನ್ನಬೇಡಿ — ಶಾಂತಾ ಎನ್ನಿ. ನಾನು ಹೆಂಗಸರ ಸಾಲಿನಲ್ಲಿ, ಮುಂದೆಯೇ ಕೂತಿರುತ್ತೇನೆ.