ಬಚ್ಚಲ ಒಲೆಯಲ್ಲಿ ಸುಟ್ಟ ಪ್ಲಗ್ಗು

ಆ ಕಾಲದಲ್ಲಿ ನಮ್ಮ ಬಚ್ಚಲ ಒಲೆಯ ಕೆಂಡದಲ್ಲಿ ಹಲಸಿನ ಬೀಜ, ಗೇರುಬೀಜದ ಜೊತೆಗೆ ಕಾರಿನ ಸ್ಪಾರ್ಕ್ ಪ್ಲಗ್ಗೂ ಸುಡುತ್ತಿತ್ತು. ನಿಮ್ಮ ಮನೆಯಲ್ಲಿ ಹೀಗಿರಲಿಲ್ಲವೆಂದರೆ ನಿಮ್ಮ ಅಪ್ಪ ಹೊಸನಗರದ ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಓಡಿಸುತ್ತಿರಲಿಲ್ಲ, ಅಷ್ಟೆ. ನಮ್ಮದು ಮುದಿ ಪೆಟ್ರೋಲ್ ಕಾರು. ಆಯಿಲ್ ಕುಡಿದು ಕುಡಿದು ಅದರ ಪ್ಲಗ್ಗುಗಳಿಗೆ ವಾರಕ್ಕೊಮ್ಮೆ ಮಸಿ ಕಟ್ಟುತ್ತಿತ್ತು. ಅವನ್ನು ಕೆಂಡದಲ್ಲಿ ಸುಟ್ಟು, ಬೂದಿಯಲ್ಲಿ ನಿಧಾನ ಆರಲು ಬಿಟ್ಟು, ಉಪ್ಪುಕಾಗದದಲ್ಲಿ ತಿಕ್ಕುವುದು ಹತ್ತು ವರ್ಷದವಳಾದ ನನ್ನ ಕೆಲಸ. ಮಗ್ಗಿ ತಪ್ಪಿದರೂ ಇದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ. ಕೆಟ್ಟುಹೋದ ಪ್ಲಗ್ಗುಗಳಿಗೆ ಚಿಂದಿ ಸುತ್ತಿ, ಗೊಂಬೆ ಮಾಡಿ, ಮದುವೆ ಮಾಡಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ನಿಜವಾದ ಮದುವೆಯೇ ಬಂತು. ಪಕ್ಕದ ಮನೆಯ ರಾಜಣ್ಣನಿಗೆ ಬ್ಯಾಕೋಡಿನ ಹೆಣ್ಣು. ದಿಬ್ಬಣದ ಬಸ್ಸು ಮುಂಚೆಯೇ ಹೋಗುವುದು, ಮದುಮಗ ಮತ್ತು ಅವನ ಅಜ್ಜಿ ನಮ್ಮ ಕಾರಿನಲ್ಲಿ. ಬ್ಯಾಕೋಡು ಹಿನ್ನೀರಿನ ಆಚೆ ದಡದಲ್ಲಿ, ಆಗ ಸೇತುವೆ ಇರಲಿಲ್ಲ. ಹೊಳೆಬಾಗಿಲಿನಲ್ಲಿ ಕಾರನ್ನು ಲಾಂಚಿಗೆ ಹತ್ತಿಸಿ ದಾಟಬೇಕು. ಹತ್ತು ಗಂಟೆಯ ಲಾಂಚು ತಪ್ಪಿದರೆ ಮುಹೂರ್ತವೂ ತಪ್ಪಿದಂತೆ. ಮುಂದಿನ ಸೀಟು ನನ್ನದು ಎಂದು ಅಪ್ಪ ಮಾತು ಕೊಟ್ಟಿದ್ದ. ಹಿಂದಿನ ದಿನದಿಂದಲೇ ನನ್ನ ಕಾಲು ನೆಲದ ಮೇಲಿರಲಿಲ್ಲ.

ಬೆಳಿಗ್ಗೆ ಪ್ಲಗ್ಗು ಸುಡಲು ಕೂತೆ. ಅಲ್ಲಿ ಜರಿ ಲಂಗ ಕಾಯುತ್ತಿದೆ, ಇಲ್ಲಿ ಪ್ಲಗ್ಗು ಆರುತ್ತಿಲ್ಲ. ತಾಳ್ಮೆ ಕೆಟ್ಟು ಒಂದು ಚೊಂಬು ತಣ್ಣೀರು ಸುರಿದುಬಿಟ್ಟೆ. ಚುಂಯ್ ಎಂದಿತು. ಒಂದರ ತುದಿಯ ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಗೆರೆ ಬಿತ್ತು. ಒರೆಸಿ ಅಪ್ಪನ ಕೈಗಿಟ್ಟೆ, ಬಾಯಿ ಬಿಡಲಿಲ್ಲ.

ಸಾಗರ ದಾಟುವವರೆಗೆ ಏನೂ ಆಗಲಿಲ್ಲ. ಕಾರಿನ ತುಂಬ ಮಲ್ಲಿಗೆ, ಪೆಟ್ರೋಲು, ಅಜ್ಜಿಯ ಎಲೆಯಡಿಕೆಯ ವಾಸನೆ. ಅಜ್ಜಿ ಕೊಟ್ಟ ಚಕ್ಕುಲಿ ಕಡಿಯುತ್ತ ನಾನು ದಾರಿಯಲ್ಲಿ ಕಂಡ ದನಗಳಿಗೆಲ್ಲ ಕೈ ಬೀಸುತ್ತಿದ್ದೆ. ಹೊಳೆಬಾಗಿಲಿನ ದಾರಿಯ ಏರಿನಲ್ಲಿ ಕಾರು ಬಿಕ್ಕಳಿಸತೊಡಗಿತು.

“ಮಿಸ್ಸಿಂಗ್ ಹೊಡಿತಿದೆ,” ಎಂದು ಅಪ್ಪ ಕಾರು ನಿಲ್ಲಿಸಿ, ಇಂಜಿನ್ ಆರಿಸದೆ ಬಾನೆಟ್ ಎತ್ತಿ, ಒಂದೊಂದೇ ಪ್ಲಗ್ಗಿನ ವೈರು ಕಿತ್ತು ನೋಡಿದ. ಮೂರನೆಯದನ್ನು ಕಿತ್ತಾಗ ಇಂಜಿನ್ನಿನ ಸದ್ದು ಬದಲಾಗಲೇ ಇಲ್ಲ. ಸತ್ತದ್ದು ಅದೇ. ಬಿಚ್ಚಿದರೆ ಪಿಂಗಾಣಿಯ ತುದಿಯೇ ಮಾಯ.

ಅಪ್ಪ ನನ್ನನ್ನು ಬದಿಗೆ ಕರೆದ. “ಪುಟ್ಟೀ, ಇದು ಮನೇಲೇ ಒಡ್ದಿತ್ತಾ? ಮನೇಲಿ ಒಡ್ದಿದ್ರೆ ಬೇರೆದು ಹಾಕಿ ಹೋಗ್ತಾ ಇರದು. ಇಲ್ಲಾಂದ್ರೆ ಚೂರು ಇಂಜಿನ್ ಒಳಗಿದೆ. ಪಿಸ್ಟನ್ನೂ ಅದು ಓಡಾಡೋ ಬೋರೂ ಎಲ್ಲ ಗೀರಿ ಹಾಕ್ತದೆ.”

ಮನೆಯಲ್ಲೇ ಒಡೆದಿತ್ತು ಎಂದರೆ ಎಲ್ಲರಿಗೂ ಸಮಾಧಾನ. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆ ಕಾರು ನಮ್ಮ ಅನ್ನ ಎಂಬುದು ನನಗೆ ಗೊತ್ತಿತ್ತು.

“ಒಡ್ದಿರ್ಲಿಲ್ಲ ಅಪ್ಪ. ಗೆರೆ ಬಿದ್ದಿತ್ತು. ನಾ ನೀರು ಹಾಕ್ಬಿಟ್ಟೆ.”

ಅಪ್ಪ ಬೈಯಲಿಲ್ಲ. “ಹ್ಯಾಂಡಲ್ ತಗಾ ಬಾ,” ಎಂದ.

ಪ್ಲಗ್ಗಿನ ತೂತು ತೆರೆದಿಟ್ಟು ಇಂಜಿನ್ ತಿರುಗಿಸಿದರೆ ಗಾಳಿಯ ಜೊತೆ ಚೂರು ಹಾರಿ ಬರಬಹುದು ಎಂಬ ಉಪಾಯ ಅವನದು. ಕಾರಿನ ಮೂತಿಗೆ ಸಿಕ್ಕಿಸಿದ ಹ್ಯಾಂಡಲ್ ತಿರುಗಿಸಲು ರಾಜಣ್ಣ ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಇಳಿದ.

“ದಿಬ್ಬಣ ಹೊರಟ ಮದುಮಗ ದಾರೀಲಿ ಇಳಿಯದಾ? ಎಂತ ಅನಿಷ್ಟನೋ,” ಎಂದು ಅಜ್ಜಿ ಒಳಗಿನಿಂದ.

“ಇಳೀದಿದ್ರೆ ಮದಿನೇ ಇಲ್ಲ ಅಜ್ಜಿ,” ಎಂದ ರಾಜಣ್ಣ.

ಪೇಟ ತೊಟ್ಟ ಮದುಮಗ ಗಿರಗಿರ ತಿರುಗಿಸಿದ. ತೂತಿಗೆ ಎದುರಾಗಿ ಲಂಗದ ಅಂಚು ಚಾಚಿ ನಾನು ನಿಂತೆ. ಫುಸ್, ಫುಸ್ ಎಂದು ಬಿಸಿ ಗಾಳಿ. ಅಷ್ಟರಲ್ಲಿ ಪಟ್ಟೆಂದು ಲಂಗಕ್ಕೆ ಏನೋ ಬಡಿಯಿತು. ಬಿಳಿ ಚೂರು. ನಾನು ಕುಣಿದುಬಿಟ್ಟೆ. ಅಪ್ಪ ಅದನ್ನು ಪ್ಲಗ್ಗಿಗೆ ಜೋಡಿಸಿ ನೋಡಿದ. ಇನ್ನೂ ಅರ್ಧ ಅಕ್ಕಿಕಾಳಿನಷ್ಟು ಕಡಿಮೆ ಇತ್ತು. ರಾಜಣ್ಣ ಬೆವರು ಕಿತ್ತುಬರುವಂತೆ ತಿರುಗಿಸಿದರೂ ಅದು ಬರಲಿಲ್ಲ.

“ಮಂಜಣ್ಣ, ನಿಮ್ ಇಂಜಿನ್ ಹೋಗ್ತದೆ. ಯಾವ್ದಾರು ಜೀಪ್ ಬರ್ತದೇನೋ ನೋಡಾಣ,” ಎಂದ ರಾಜಣ್ಣ.

ಅಪ್ಪ ವಾಚು ನೋಡಿದ. “ಇಂಜಿನ್ ಮತ್ತೆ ಮಾಡಿಸ್ಬಹುದು ಮಾರಾಯ. ಕಾರ್ ಹತ್ತು.”

ಹಳೆಯ ಪ್ಲಗ್ಗೊಂದನ್ನು ಸಿಕ್ಕಿಸಿ ಹೊರಟೆವು. ಒಳಗೆ ಟಿಕ್ ಟಿಕ್ ಎನ್ನುವ ಸದ್ದು ನನ್ನ ಎದೆಯಲ್ಲೇ ಬಡಿಯುತ್ತಿತ್ತು. ಸರಪಳಿ ಹಾಕುತ್ತಿದ್ದ ಲಾಂಚಿನವನು ಪೇಟ ಕಂಡು ಮತ್ತೆ ಬಿಚ್ಚಿದ. ಲಾಂಚಿನಲ್ಲಿ ಇಂಜಿನ್ ಆರಿಸಲೇಬೇಕು. ಮತ್ತೆ ಹತ್ತುತ್ತದೋ ಇಲ್ಲವೋ ಎಂದು ನೀರಿನುದ್ದಕ್ಕೂ ನಾನು ಬಾನೆಟ್ಟನ್ನೇ ನೋಡುತ್ತಿದ್ದೆ. ಆಚೆ ದಡದಲ್ಲಿ ಅಪ್ಪ ಕೀಲಿ ತಿರುಗಿಸಿದ. ಮೊದಲ ಸಲ ಹತ್ತಲಿಲ್ಲ. ಎರಡನೆಯ ಸಲಕ್ಕೆ ನೀಲಿ ಹೊಗೆ ಉಗುಳಿ ಹತ್ತಿಕೊಂಡಾಗ ಅಜ್ಜಿಯೇ ಚಪ್ಪಾಳೆ ತಟ್ಟಿದಳು.

ಬ್ಯಾಕೋಡಿನಲ್ಲಿ ಚಪ್ಪರ ಕಂಡಿತು, ವಾಲಗ ಕೇಳಿತು, ಆಗ ಇಂಜಿನ್ ಗರ್ರೆಂದು ಕೂಗಿ ನಿಂತಿತು. ಹೆಣ್ಣಿನ ಕಡೆಯವರು ಓಡಿ ಬಂದು ಮದುಮಗನ ಸಮೇತ ಕಾರನ್ನು ಚಪ್ಪರದವರೆಗೆ ತಳ್ಳಿದರು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಅಷ್ಟು ಸಂಭ್ರಮವನ್ನು ನಾನು ಮತ್ತೆ ಕಂಡಿಲ್ಲ.

“ಎಂತ ಆತು ಮಂಜಣ್ಣ?” ಎಂದು ಊಟದಲ್ಲಿ ಎಲ್ಲರೂ ಕೇಳಿದರು.

“ಹಳೇ ಇಂಜಿನ್ ಅಲ್ವಾ,” ಎಂದಷ್ಟೇ ಹೇಳಿ ಅಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. ನನಗೆ ಅಳು ಬಂತು.

ಕಾರು ಲಾರಿಯಲ್ಲಿ ಸಾಗರದ ಗ್ಯಾರೇಜಿಗೆ ಹೋಯಿತು. ಬೋರು ಗೀರಿಹೋಗಿತ್ತು, ಪಿಸ್ಟನ್ ಸೀಳಿತ್ತು. ಎರಡು ತಿಂಗಳು ಅಪ್ಪ ಬೇರೆಯವರ ಕಾರು ಓಡಿಸಿದ. ನಮ್ಮದು ರಿಪೇರಿಯಾಗಿ ಬಂದ ಮೊದಲ ಭಾನುವಾರ, ನಾಲ್ಕೂ ಪ್ಲಗ್ಗು ಬಿಚ್ಚಿ ನನ್ನ ಬೊಗಸೆಗೆ ಹಾಕಿದ. “ತಗಾ. ಆರೋ ತಂಕ ಅಲ್ಲೇ ಕೂತ್ಕ,” ಎಂದ.

ಅಪ್ಪ ಹೋಗಿ ಮೂರು ವರ್ಷವಾಯಿತು. ಹಿನ್ನೀರಿಗೆ ಸೇತುವೆ ಬಂದಿದೆ. ನನ್ನ ಕಾರಿನ ಪ್ಲಗ್ಗು ಎಲ್ಲಿದೆಯೆಂದು ನನಗೇ ಗೊತ್ತಿಲ್ಲ. ಏನಾದರೂ ಕೆಟ್ಟರೆ ದೀಪ ಹೊತ್ತುತ್ತದೆ, ಫೋನ್ ಮಾಡುತ್ತೇನೆ. ಆ ಲಾಂಚು, ಆ ಬಚ್ಚಲ ಒಲೆ ಹೋದದ್ದಕ್ಕೆ ನನಗೆ ಅಷ್ಟೇನೂ ಬೇಸರವಿಲ್ಲ. ಆದರೆ ಹೋದ ತಿಂಗಳು, ಕಾರು ಕಲಿಯುತ್ತಿದ್ದ ಮಗಳು ಅದನ್ನು ಗೇಟಿಗೆ ಉಜ್ಜಿದಳು. ತಾನಾಗಿಯೇ ಬಂದು ಹೇಳಿದಳು ಕೂಡ. ಅವತ್ತಿನಿಂದ ಕೀಲಿ ನನ್ನ ಬ್ಯಾಗಿನಲ್ಲೇ ಇದೆ.