ಹುವಾ ಹಿನ್‌ಗೆ ನಾಲ್ಕು ದಿನ

ಲಂಡನ್ನಿಗೆ ಬಂದು ಹತ್ತೊಂಬತ್ತು ವರ್ಷಗಳಾಗಿದ್ದವು. ಅಷ್ಟೂ ವರ್ಷಗಳ ರಜೆ ಧಾರವಾಡಕ್ಕೇ ಹೋಗಿತ್ತು. ಮದುವೆ, ಮುಂಜಿವೆ, ವಾಸ್ತುಶಾಂತಿ, ಯಾರದಾದರೊಬ್ಬರ ಆಪರೇಷನ್ನು. ಹೋಗುವಾಗ ಸೂಟ್‌ಕೇಸಿನ ತುಂಬ ಚಾಕೊಲೇಟು, ಬರುವಾಗ ಚಟ್ನಿಪುಡಿ. ಅದರ ಬಗ್ಗೆ ನನ್ನ ದೂರೇನೂ ಇರಲಿಲ್ಲ. ಆದರೆ ನಲವತ್ತೆಂಟನೆಯ ವಯಸ್ಸಿನಲ್ಲಿ ನನಗಾಗಿಯೇ ನಾಲ್ಕು ದಿನ ಬೇಕು ಎಂದು ಮೊದಲ ಸಲ ಅನ್ನಿಸಿತು.

ಅದಕ್ಕೆ ಕಾರಣ ಗುರುವಾರದ ಫೋಟೋಗ್ರಫಿ ತರಗತಿ. ಸಟನ್ನಿನ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಚರ್ಚಿನ ಹಾಲ್. ಸಂಜೆ ಏಳೆಂಟು ಜನ ಅಲ್ಲಿ ಸೇರುತ್ತಿದ್ದೆವು. ಕಲಿಸುತ್ತಿದ್ದವರು ಎಪ್ಪತ್ತು ದಾಟಿದ ಇಂಗ್ಲಿಷ್ ಹೆಂಗಸು, ಹಿಂದೆ ಪತ್ರಿಕೆಗಳಿಗೆ ಚಿತ್ರ ತೆಗೆಯುತ್ತಿದ್ದವರು. ಅವತ್ತು ನನ್ನ ಹನ್ನೆರಡು ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಪಾರ್ಕಿನ ಬೆಂಚಿನ ಮೇಲೆ ಕೂತ ಮುದುಕ, ಬಸ್ ಸ್ಟಾಪಿನಲ್ಲಿ ನಿಂತ ತಾಯಿ ಮತ್ತು ಮಗು, ಹೂ ಮಾರುವವಳು.

"ಎಲ್ಲರೂ ಬೆನ್ನು ತೋರಿಸುತ್ತಿದ್ದಾರೆ, ಇಲ್ಲವೇ ರಸ್ತೆಯ ಆಚೆ ಬದಿಯಲ್ಲಿದ್ದಾರೆ. ನಿನಗೆ ಮನುಷ್ಯರ ಹತ್ತಿರ ಹೋಗಲು ಹೆದರಿಕೆ" ಎಂದರು.

ನಾನು ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುವವಳು. ದಿನವಿಡೀ ಗುರುತಿಲ್ಲದವರ ಭುಜ ಹಿಡಿದು ತಿರುಗಿಸಿ, ಉಸಿರು ಬಿಗಿಹಿಡಿಯಿರಿ ಎನ್ನುವವಳು. ನನಗೆ ಹೆದರಿಕೆಯೇ ಎಂದು ಸಿಟ್ಟು ಬಂತು. ಮನೆಗೆ ನಡೆದು ಬರುವಷ್ಟರಲ್ಲಿ ಅವರು ಹೇಳಿದ್ದು ನಿಜವೆಂದೂ ಗೊತ್ತಾಯಿತು.

ಮುಂದಿನ ವಾರ ಅವರೇ ಥಾಯ್ಲೆಂಡಿನ ಹುವಾ ಹಿನ್ ಎಂಬ ಕಡಲೂರಿನ ಹೆಸರು ಹೇಳಿದರು. ಬೆಳಗಾಗುವಾಗ ಮೀನುದೋಣಿಗಳು ಕಟ್ಟೆಗೆ ಬರುತ್ತವಂತೆ. ಹೆಂಗಸರು ಬಯಲಲ್ಲೇ ಕೂತು ಮೀನು ವಿಂಗಡಿಸುತ್ತಾರಂತೆ. ಪಕ್ಕ ಕೂತು, ಕೈಸನ್ನೆಯಲ್ಲಾದರೂ ಮಾತಾಡಿ, ಆಮೇಲೆ ಚಿತ್ರ ತೆಗೆಯಬೇಕಂತೆ. "ನಾಲ್ಕು ದಿನ ಸಾಕು. ಜೂಮ್ ಲೆನ್ಸ್ ಮನೆಯಲ್ಲಿಡು. ಒಬ್ಬಳೇ ಹೋಗು" ಎಂದರು. ಮರುದಿನವೇ ನಾನು ಫೆಬ್ರವರಿಯ ಮೊದಲ ವಾರಕ್ಕೆ ರಜೆ ಕೇಳಿದೆ. ಸಂಜೆಯೊಳಗೆ ಮಂಜೂರಾಯಿತು. ಇಷ್ಟು ಸುಲಭವಾಗಿ ನಡೆದದ್ದು ಅದೊಂದೇ.

ಗಂಡನಿಗೆ ಹೇಳಿದಾಗ ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು.

"ನಾಕ ದಿನಕ್ಕ ಹನ್ನೆರಡ ತಾಸು ವಿಮಾನದಾಗ ಕೂತು ಹೋಗ್ತಿ? ಅದೂ ಮೀನಿನ ಫೋಟೋ ತಗೀಲಿಕ್ಕೆ? ಬಾಜೂ ಮನಿಯವರು ಮೀನ ಕರದ್ರ ಕಿಟಕಿ ಹಾಕ್ಕೊಳ್ಳಾಕಿ ನೀ!"

"ಮೀನಿಂದಲ್ರೀ, ಮಂದೀದು."

"ಮಂದಿ ಸಟನ್ನಿನಾಗ ಇಲ್ಲೇನು?"

ಕೆಟ್ಟ ಮನುಷ್ಯರೇನಲ್ಲ ಅವರು. ನಾನು ಯಾವುದಾದರೂ ಕಷ್ಟದ ಕೆಲಸಕ್ಕೆ ಕೈಹಾಕಿದ್ದೇನೆ ಅನ್ನಿಸಿದರೆ ಅದನ್ನು ತಾವೇ ಎತ್ತಿಕೊಂಡು ಮುಗಿಸಿಕೊಡುವುದು ಅವರ ಪ್ರೀತಿಯ ರೀತಿ. ಆ ಭಾನುವಾರ ತರಕಾರಿ ತರಲು ವೆಂಬ್ಲಿಗೆ ಹೋದವರು ಅಲ್ಲೇ ಇದ್ದ ಅವರ ಅಕ್ಕನ ಮನೆಗೂ ಹೋದೆವು. ಅವಲಕ್ಕಿ ತಿನ್ನುತ್ತ ಇವರು ವಿಷಯ ತೆಗೆದರು.

"ಇಕಿ ಥಾಯ್ಲೆಂಡಿಗೆ ಹೊಂಟಾಳ ನೋಡು, ಒಬ್ಬಾಕೀನ."

"ಒಬ್ಬಾಕೀನ? ಅಯ್ಯ, ಯಾಕವಾ?" ಎಂದರು ಅಕ್ಕ. "ನಾವೂ ಬರ್ತೀವಿ ತಗೋ. ಹುಡುಗ್ರು ಎಲ್ಲೆರ ಹೋಗೂಣು ಅಂತ ಭಾಳ ದಿನದಿಂದ ಗಂಟ ಬಿದ್ದಾವ."

ನಾನು ನಕ್ಕೆ. ಅಲ್ಲೇ, ಬಟ್ಟಲು ಕೆಳಗಿಟ್ಟು, 'ಅಕ್ಕಾರ, ಇದು ಅಂಥಾ ಟ್ರಿಪ್ ಅಲ್ಲ' ಎನ್ನಬೇಕಿತ್ತು. ಅನ್ನಲಿಲ್ಲ. ಹಿರಿಯರು, ಮನೆಗೆ ಹೋದಾಗೆಲ್ಲ ಬಿಸಿ ಬಿಸಿ ಮಾಡಿ ಹಾಕುವವರು. ನನ್ನ ನಗುವನ್ನು ಎಲ್ಲರೂ ಒಪ್ಪಿಗೆ ಎಂದುಕೊಂಡರು.

ಸೋಮವಾರ ಬೆಳಗ್ಗೆ ರೈಲಿನಲ್ಲಿ ಕೂತು ಫೋನ್ ನೋಡಿದರೆ ವಾಟ್ಸಾಪಿನಲ್ಲಿ ಹೊಸ ಗುಂಪು ಹುಟ್ಟಿತ್ತು. ಮಗಳೂ ಸೇರಿ ನಾವು ಮೂವರು, ಅಕ್ಕನ ಮನೆಯವರು ನಾಲ್ವರು. ಸೂರ್ಯೋದಯದ ಸಮಯ, ದೋಣಿ ಬರುವ ಹೊತ್ತು, ಕಟ್ಟೆಗೆ ನಡೆದು ಹೋಗುವಷ್ಟು ಹತ್ತಿರದ ಎರಡು ಸಣ್ಣ ಲಾಡ್ಜುಗಳು ಎಂದು ನಾನು ಬರೆದು ಹಾಕಿದೆ. ಅದಕ್ಕೆ ಒಂದು ಹೆಬ್ಬೆರಳು ಬಂತು. ಅದರ ಕೆಳಗೆ ಸಾಲಾಗಿ ಈಜುಕೊಳದ ಚಿತ್ರಗಳು ಬಂದವು. ನೀರಿನ ಜಾರುಬಂಡಿ ಇರುವ ಕೊಳ, ಮಕ್ಕಳಿಗೆ ಬೇರೆ ಕೊಳ, ಕೊಳದೊಳಗೇ ಕೂತು ಜ್ಯೂಸ್ ಕುಡಿಯುವ ಕೊಳ. ಹತ್ತಿರದಲ್ಲಿ ಸಸ್ಯಾಹಾರಿ ಊಟ ಸಿಗುತ್ತದೆಯೇ ಎಂಬ ಪ್ರಶ್ನೆಯ ಮೇಲೆ ಮೂರು ದಿನ ಚರ್ಚೆ ನಡೆಯಿತು. ನಾನು ಮತ್ತೊಮ್ಮೆ ಲಾಡ್ಜಿನ ಮಾತೆತ್ತಿದಾಗ ಅಕ್ಕ ಬರೆದರು: "ನಿನಗ ಒಂದ ಮುಂಜಾನೆ ಫ್ರೀ ಬಿಡ್ತೀವಿ, ಹೋಗಿ ಎಷ್ಟ ಬೇಕೋ ಅಷ್ಟ ಫೋಟೋ ತಕ್ಕೊಂಡ ಬಾ."

ಒಂದು ಮುಂಜಾನೆ. ನನ್ನದೇ ಪ್ರವಾಸದಲ್ಲಿ ನನಗೆ ಸಿಕ್ಕ ಪಾಲು ಅದು.

ಎರಡು ವಾರದ ನಂತರ, ಕೆಲಸದ ನಡುವೆ, ಇವರ ಮೆಸೇಜ್ ಬಂತು: "ಬುಕ್ ಆತು!" ಹೋಟೆಲಿನಿಂದ ಮೀನಿನ ಕಟ್ಟೆಗೆ ಕಾರಿನಲ್ಲಿ ಮುಕ್ಕಾಲು ಗಂಟೆ. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ತಾರೀಖು ನೋಡಿದೆ. ಫೆಬ್ರವರಿಯ ನಡುವೆ, ಶಾಲೆಗಳಿಗೆಲ್ಲ ಒಂದು ವಾರ ಬಿಡುವಿರುವ ಹಾಫ್ ಟರ್ಮ್. ನನ್ನ ರಜೆ ಅದಕ್ಕಿಂತ ಎರಡು ವಾರ ಮೊದಲೇ ಇತ್ತು.

ಫೋನ್ ಮಾಡಿದೆ. "ರೀ, ನನ್ನ ರಜಾ ಮೊದಲನೇ ವಾರ ಅಂತ ಹೇಳಿದ್ದೆ."

"ಹುಡುಗ್ರ ಸಾಲಿ ತಪ್ಪಸಾಕ ಬರ್ತದೇನು? ಬದಲಿ ಮಾಡ್ಕೋ. ಅದೇನ ದೊಡ್ಡ ಮಾತು?"

ದೊಡ್ಡ ಮಾತೇ ಆಗಿತ್ತು. ನಮ್ಮ ವಿಭಾಗದಲ್ಲಿ ಹಾಫ್ ಟರ್ಮ್ ರಜೆಯನ್ನು ಸಣ್ಣ ಮಕ್ಕಳಿರುವವರು ಹಿಂದಿನ ಬೇಸಿಗೆಯಲ್ಲೇ ಹಂಚಿಕೊಂಡಿರುತ್ತಾರೆ. ಕೇಳಿದಾಗ ಮ್ಯಾನೇಜರ್ ನನ್ನ ಮುಖವನ್ನೇ ನೋಡಿ, ತಮಾಷೆ ಮಾಡುತ್ತಿದ್ದೀಯಾ ಎಂದರು. ಮೂವರು ಸಹೋದ್ಯೋಗಿಗಳನ್ನು ಬೇಡಿಕೊಂಡೆ. ಮೂವರೂ ಪಾಪ ಎಂದರು, ಒಬ್ಬರೂ ಹೂಂ ಎನ್ನಲಿಲ್ಲ.

ಆ ಸಂಜೆ ಚಪಾತಿ ಲಟ್ಟಿಸುತ್ತ ಹೇಳಿದೆ. "ರಜಾ ಸಿಗಲಿಲ್ಲ. ನಾ ಬರಂಗಿಲ್ಲ. ನೀವೆಲ್ಲಾ ಹೋಗಿ ಬರ್ರಿ."

"ಹಂಗಂದ್ರ ಹೆಂಗ? ನಿನ್ನ ಸಲುವಾಗಿನ ಇಷ್ಟೆಲ್ಲಾ ಮಾಡೇನಿ!"

"ನನ್ನ ಸಲುವಾಗಿ?" ಲಟ್ಟಣಿಗೆ ಕೆಳಗಿಟ್ಟೆ. "ನಾ ಏನ ಕೇಳಿದ್ದೆ? ನಾಕ ದಿನ, ಒಬ್ಬಾಕಿ, ಒಂದು ಕ್ಯಾಮೆರಾ. ಅದರಾಗ ಯಾವದು ಉಳದದ ಹೇಳ್ರಿ."

ಅವರು ನಿಜವಾಗಿಯೂ ಲೆಕ್ಕ ಹಾಕುತ್ತಿದ್ದಂತೆ ಕಂಡಿತು. ಹತ್ತನೇ ತರಗತಿಯ ಮಗಳು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡವಳು, "ಶೀ ಈಸ್ ರೈಟ್, ಅಪ್ಪಾ" ಎಂದಳು. ತವೆಯ ಮೇಲಿನ ಚಪಾತಿ ಕರಕಾಗಿತ್ತು.  ಊಟ ಮುಗಿದ ಮೇಲೆ ಅವರೇ, "ನಿಂದ ನೀ ಹೋಗು. ನಿನ್ನ ವಾರದಾಗ" ಎಂದರು. ಮಾತಿನಲ್ಲಿ ಬೇಸರವಿತ್ತು. ಆದರೂ ಹೇಳಿದರಲ್ಲ. ಆ ವಾರಾಂತ್ಯವೇ ನನ್ನ ಟಿಕೆಟನ್ನು ನಾನೇ ತೆಗೆದುಕೊಂಡೆ.

ಹೊರಡಲು ಮೂರು ದಿನ ಇರುವಾಗ, ಥಾಯ್ಲೆಂಡಿಗೆ ಹೋಗುವವರೆಲ್ಲ ಆನ್‌ಲೈನಿನಲ್ಲಿ ತುಂಬಬೇಕಾದ ಫಾರ್ಮು ತೆರೆದು ಕೂತೆ. ಪಾಸ್‌ಪೋರ್ಟ್ ಮುಗಿಯುವ ತಾರೀಖು ಕೇಳಿತು. ಡ್ರಾಯರಿನಿಂದ ತೆಗೆದು ನೋಡಿದೆ. ಜೂನ್. ಬೆರಳು ಮಡಚಿ ಎಣಿಸಿದೆ, ಮತ್ತೆ ಎಣಿಸಿದೆ. ಆರು ತಿಂಗಳಾದರೂ ಬಾಕಿ ಇರಬೇಕು ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಧಾರವಾಡಕ್ಕೆ ಹೊರಟ ಪ್ರತಿ ಸಲ ಮನೆಯವರೆಲ್ಲರ ಪಾಸ್‌ಪೋರ್ಟನ್ನು ನೋಡುವವಳು ನಾನೇ. ಈ ಸಲ ಜಗಳದಲ್ಲಿ ಗೆದ್ದ ಉಬ್ಬಿನಲ್ಲಿ ನೋಡಿರಲಿಲ್ಲ. ತುರ್ತು ನವೀಕರಣಕ್ಕೆ ಸಿಕ್ಕ ಅತಿ ಹತ್ತಿರದ ಅಪಾಯಿಂಟ್‌ಮೆಂಟ್ ನನ್ನ ವಿಮಾನ ಹೊರಡುವ ದಿನದ ಮಾರನೆಯ ದಿನಕ್ಕಿತ್ತು.

ಬೇರೆ ಯಾರನ್ನಾದರೂ ಬೈಯಬಹುದಾಗಿದ್ದರೆ ಎಷ್ಟು ಹಗುರಾಗುತ್ತಿತ್ತು! ಗಂಡ, ಅವರ ಅಕ್ಕ, ಮ್ಯಾನೇಜರ್, ಯಾರೂ ಅಲ್ಲಿ ಸಿಗಲಿಲ್ಲ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು ಅತ್ತೆ. ಹೊರಬಂದಾಗ ಇವರು ಚಹಾ ಮಾಡಿಟ್ಟಿದ್ದರು. 'ನಾ ಹೇಳಿದ್ದೆ' ಎನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಆ ರಜೆಯ ವಾರವನ್ನು ಮನೆಯಲ್ಲಿ ಕಪಾಟು ಒರೆಸುತ್ತ ಕಳೆದೆ. ಗುರುವಾರದ ತರಗತಿಗೂ ಹೋಗಲಿಲ್ಲ. ಎರಡು ವಾರದ ನಂತರ ಉಳಿದ ಆರು ಜನ ಹುವಾ ಹಿನ್‌ಗೆ ಹೋದರು. ನಾನು ಎಕ್ಸ್‌ರೇ ಕೋಣೆಯಿಂದ ಹೊರಬಂದಾಗಲೆಲ್ಲ ಫೋನಿನಲ್ಲಿ ಈಜುಕೊಳ ಇರುತ್ತಿತ್ತು. ನಾಲ್ಕನೆಯ ದಿನ ವಾಟ್ಸಾಪ್ ಗುಂಪಿನ ಸದ್ದು ಬಂದ್ ಮಾಡಿಬಿಟ್ಟೆ. ಮರಳಿದ ಮೇಲೆ ಅಕ್ಕ ಫೋನ್ ಮಾಡಿ, "ನೀ ಇರಬೇಕಾಗಿತ್ತವಾ, ನಮ್ಮ ಫೋಟೋ ಒಂದೂ ಚೊಲೋ ಬಂದಿಲ್ಲ" ಎಂದರು. 

ಹೊಸ ಪಾಸ್‌ಪೋರ್ಟ್ ಬಂದ ಮೇಲೆ ನವೆಂಬರಿಗೆ ರಜೆ ಹಾಕಿದೆ. ಈ ಸಲ ಊರಿಗೆಲ್ಲ ಸಾರಲಿಲ್ಲ. ಹೌನ್ಸ್ಲೋ ದಾಟಿ ಹೀಥ್ರೋ ಕಡೆಗೆ ತಿರುಗಿದಾಗ ಕಾರು ಓಡಿಸುತ್ತಿದ್ದ ಇವರು ಕೇಳಿದರು, "ನಾನೂ ಬರಬೇಕಾಗಿತ್ತೇನು?"

"ಬ್ಯಾಡ್ರಿ" ಎಂದೆ. ಒಂದು ವರ್ಷದಲ್ಲಿ ನಾನು ಆಡಿದ ಅತ್ಯಂತ ಸರಳ ಮಾತು ಅದು. ಅವರಿಗೆ ನೋವಾಯಿತು, ಕಂಡಿತು. ಆದರೂ ಸೂಟ್‌ಕೇಸು ಇಳಿಸಿಕೊಟ್ಟು, ನಾನು ಬಾಗಿಲ ಒಳಗೆ ಹೋಗುವವರೆಗೆ ನಿಂತಿದ್ದರು.

ಹುವಾ ಹಿನ್‌ನಲ್ಲಿ ನಾಲ್ಕು ದಿನದಲ್ಲಿ ಎರಡು ದಿನ ಮಳೆ ಸುರಿಯಿತು. ಮೂರನೆಯ ಬೆಳಗ್ಗೆ ಕಟ್ಟೆಯ ಮೇಲೆ ಮೀನು ವಿಂಗಡಿಸುತ್ತಿದ್ದ ಹೆಂಗಸಿನ ಪಕ್ಕ ಕೂತು, ಕ್ಯಾಮೆರಾ ತೋರಿಸಿ, ತೆಗೆಯಲೇ ಎಂದು ಸನ್ನೆ ಮಾಡಿದೆ. ನನ್ನದೇ ವಯಸ್ಸಿನವಳು, ಮೊಣಕೈತನಕ ಕೈಗವಸು ಹಾಕಿಕೊಂಡಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೇಡ ಎಂದು ತಲೆಯಾಡಿಸಿದಳು. ಆಮೇಲೆ ನಾನು ಕೂತಿದ್ದ ಕಡೆ ನೀರು ಹರಿದು ಬರುತ್ತಿದ್ದುದನ್ನು ಕಂಡು, ಒಂದು ಖಾಲಿ ಬುಟ್ಟಿ ಬೋರಲು ಹಾಕಿ ನನ್ನ ಕಡೆ ತಳ್ಳಿದಳು. ನಾನು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಬುಟ್ಟಿಯ ಮೇಲೆ ಕೂತೆ.